ನೋವಿಲ್ಲದ ರೋಗ: ರಕ್ತದೊತ್ತಡ ಅಳೆಸಿಕೊಳ್ಳಿ, ಹತೋಟಿಯಲ್ಲಿಡಿ



ನಮ್ಮ ಹಿರಿಯರ ಕಾಲದಲ್ಲಿ ಜನ ಹೆದರುತ್ತಿದ್ದುದು ಪ್ಲೇಗ್, ಕಾಲರಾ, ಸಿಡುಬಿಗೆ. ಸಿಡುಬು ಜಗತ್ತಿನಿಂದಲೇ ತೊಲಗಿತೆಂದು 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿತು. ಇಂದು ಜಗತ್ತಿನಲ್ಲಿ ಅತಿ ಹೆಚ್ಚು ಜನರ ಜೀವ ತೆಗೆಯುತ್ತಿರುವುದು ಹೃದಯಾಘಾತ ಮತ್ತು ಪಾರ್ಶ್ವವಾಯುವಿನಂತಹ ಹೃದಯ, ರಕ್ತನಾಳಗಳ ರೋಗಗಳು. ಇವುಗಳ ಹಿಂದಿರುವ ಬಹುದೊಡ್ಡ ಕಾರಣ ಅಧಿಕ ರಕ್ತದೊತ್ತಡ. ನಾವೆಲ್ಲ ಅದನ್ನು 'ಬಿ.ಪಿ.' ಎಂದು ಕರೆಯುತ್ತೇವೆ.

ವಿಶ್ವ ಆರೋಗ್ಯ ಸಂಸ್ಥೆ 2025ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ 2024ರಲ್ಲಿ ಜಗತ್ತಿನ ಸುಮಾರು 140 ಕೋಟಿ ಜನರಿಗೆ ಅಧಿಕ ರಕ್ತದೊತ್ತಡವಿತ್ತು. ಅವರಲ್ಲಿ ಐವರಿಗೆ ಒಬ್ಬರಂತೆ ಮಾತ್ರ ಅದು ಹತೋಟಿಯಲ್ಲಿತ್ತು. ಬಿ.ಪಿ. ಇರುವ ಹತ್ತು ಜನರಲ್ಲಿ ನಾಲ್ಕಕ್ಕೂ ಹೆಚ್ಚು ಮಂದಿಗೆ ತಮಗೆ ಅದು ಇದೆ ಎಂಬುದೇ ಗೊತ್ತಿರುವುದಿಲ್ಲ. ಏಕೆಂದರೆ ಈ ರೋಗಕ್ಕೆ ನೋವಿಲ್ಲ. ಅದಕ್ಕಾಗಿಯೇ ಈ ಲೇಖನ.

ರಕ್ತದೊತ್ತಡ ಎಂದರೇನು?

ಹೊಲದಲ್ಲಿ ಪಂಪ್‌ಸೆಟ್ ಇದ್ದವರಿಗೆ ಇದನ್ನು ಹೇಳುವುದು ಸುಲಭ. ಪಂಪು ನೀರನ್ನು ದೂಡುತ್ತದೆ, ಆ ನೀರು ಪೈಪಿನ ಗೋಡೆಯ ಮೇಲೆ ಒತ್ತುತ್ತದೆ. ನಮ್ಮ ಹೃದಯ ಪಂಪಿನಂತೆ, ರಕ್ತನಾಳಗಳು ಪೈಪಿನಂತೆ. ಹೃದಯ ದಿನಕ್ಕೆ ಸುಮಾರು ಒಂದು ಲಕ್ಷ ಸಲ ಬಡಿಯುತ್ತದೆ. ಪ್ರತಿ ಬಡಿತಕ್ಕೂ ರಕ್ತವು ನಾಳದ ಗೋಡೆಯನ್ನು ಒತ್ತುತ್ತದೆ. ಈ ಒತ್ತುವಿಕೆಯೇ ರಕ್ತದೊತ್ತಡ. ಇದು ಎಲ್ಲರಿಗೂ ಇರುತ್ತದೆ, ಇರಲೂಬೇಕು. ಅದು ಸದಾ ಮಿತಿ ಮೀರಿ ಇದ್ದರೆ ಮಾತ್ರ ರೋಗ.

ನಿಮ್ಮ ಚೀಟಿಯಲ್ಲಿ ಎರಡು ಅಂಕಿ ಬರೆದಿರುತ್ತಾರೆ. ಮೇಲಿನದು ಹೃದಯ ಹಿಂಡಿ ರಕ್ತ ದೂಡುವಾಗಿನ ಒತ್ತಡ. ಕೆಳಗಿನದು ಎರಡು ಬಡಿತಗಳ ನಡುವೆ ಹೃದಯ ಸಡಿಲಗೊಂಡಾಗಿನ ಒತ್ತಡ. ದೊಡ್ಡವರಲ್ಲಿ ಸುಮಾರು 120/80 ಇದ್ದರೆ ಒಳ್ಳೆಯದು. ಬೇರೆ ಬೇರೆ ಎರಡು ದಿನ ಅಳೆದಾಗಲೂ ಮೇಲಿನ ಅಂಕಿ 140 ಅಥವಾ ಅದಕ್ಕಿಂತ ಹೆಚ್ಚು, ಇಲ್ಲವೇ ಕೆಳಗಿನ ಅಂಕಿ 90 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಅದು ಅಧಿಕ ರಕ್ತದೊತ್ತಡ. ಎರಡರಲ್ಲಿ ಯಾವ ಒಂದು ಹೆಚ್ಚಾದರೂ ವೈದ್ಯರಿಗೆ ತೋರಿಸಬೇಕು.

ನೋವೇ ಇಲ್ಲದಿದ್ದರೆ ಹಾನಿ ಏನು?

ಪೈಪಿನಲ್ಲಿ ಒತ್ತಡ ಹೆಚ್ಚಿದರೆ ಅದೇ ದಿನ ಒಡೆಯುವುದಿಲ್ಲ. ವರ್ಷಗಟ್ಟಲೆ ಹಾಗೆಯೇ ಬಿಟ್ಟರೆ ಎಲ್ಲೋ ಒಂದು ಕಡೆ ಸವೆದು ಒಡೆಯುತ್ತದೆ, ಇಲ್ಲವೇ ಕಟ್ಟಿಕೊಳ್ಳುತ್ತದೆ. ದೇಹದಲ್ಲಿಯೂ ಹೀಗೆಯೇ ಆಗುತ್ತದೆ.

* ಮೆದುಳಿನಲ್ಲಿ ರಕ್ತನಾಳ ಒಡೆದರೆ ಅಥವಾ ಕಟ್ಟಿಕೊಂಡರೆ ಪಾರ್ಶ್ವವಾಯು, ಅಂದರೆ ಲಕ್ವ ಹೊಡೆಯುತ್ತದೆ.
* ಹೃದಯದ ರಕ್ತನಾಳ ಕಟ್ಟಿಕೊಂಡರೆ ಹೃದಯಾಘಾತ. ಸತತ ಒತ್ತಡದ ವಿರುದ್ಧ ದುಡಿದು ಹೃದಯದ ಗೋಡೆ ದಪ್ಪವಾಗಿ ಕೊನೆಗೆ ಸೋಲುತ್ತದೆ.
* ಮೂತ್ರಪಿಂಡಗಳು ಮೆಲ್ಲಗೆ ಕೆಡುತ್ತವೆ. ಡಯಾಲಿಸಿಸ್ ಮಾಡಿಸಿಕೊಳ್ಳುವವರಲ್ಲಿ ಎಷ್ಟೋ ಜನರ ಮೂತ್ರಪಿಂಡ ಕೆಟ್ಟಿರುವುದು ಬಿ.ಪಿ. ಮತ್ತು ಸಕ್ಕರೆ ಕಾಯಿಲೆಯಿಂದ.
* ಕಣ್ಣಿನ ಹಿಂಭಾಗದ ಸೂಕ್ಷ್ಮ ರಕ್ತನಾಳಗಳು ಹಾಳಾಗಿ ದೃಷ್ಟಿ ಮಂಜಾಗುತ್ತದೆ.

'ತಲೆನೋವು ಬಂದರೆ ಬಿ.ಪಿ. ಏರಿದೆ, ಬರದಿದ್ದರೆ ಇಲ್ಲ' ಎಂದು ಬಹಳ ಜನ ನಂಬಿದ್ದಾರೆ. ಇದು ತಪ್ಪು. 170/100 ಇದ್ದರೂ ಹಾಯಾಗಿ ಓಡಾಡುವವರು ಇದ್ದಾರೆ. ಒತ್ತಡವನ್ನು ತಿಳಿಯಲು ಇರುವ ದಾರಿ ಒಂದೇ. ಅದು ಅಳೆಯುವುದು.

ಗುಳಿಗೆ ಇಲ್ಲದ ಕಾಲದ ಒಂದು ಉದಾಹರಣೆ

ಅಮೆರಿಕದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅವರಿಗೆ ವರ್ಷಗಳಿಂದ ಅಧಿಕ ರಕ್ತದೊತ್ತಡವಿತ್ತು. ಪಕ್ಕದಲ್ಲಿ ಸದಾ ವೈದ್ಯರಿದ್ದರು. ಆದರೆ ಒತ್ತಡ ಇಳಿಸುವ ಒಳ್ಳೆಯ ಔಷಧಿ ಆಗ ಜಗತ್ತಿನಲ್ಲಿ ಎಲ್ಲಿಯೂ ಇರಲಿಲ್ಲ. 1945ರ ಏಪ್ರಿಲ್ 12ರಂದು ತಲೆ ಬಹಳ ನೋಯುತ್ತಿದೆ ಎಂದು ಹೇಳಿ ಅವರು ಎಚ್ಚರ ತಪ್ಪಿದರು. ಆಗ ಅಳೆದ ಒತ್ತಡ 300/190ಕ್ಕೂ ಮೇಲಿತ್ತು. ಮೆದುಳಿನಲ್ಲಿ ರಕ್ತಸ್ರಾವವಾಗಿ ಅಂದೇ ತೀರಿಕೊಂಡರು. ಆಗ ಅವರ ವಯಸ್ಸು 63.

ಅದಾದ ನಾಲ್ಕೇ ವರ್ಷಕ್ಕೆ, 1949ರಲ್ಲಿ, ಮುಂಬಯಿಯ ಡಾ. ರುಸ್ತುಂ ಜಾಲ್ ವಕೀಲ್ ಅವರು ನಮ್ಮ ನಾಡಿನ ಸರ್ಪಗಂಧಿ ಬೇರಿನಿಂದ ರಕ್ತದೊತ್ತಡ ಇಳಿಯುತ್ತದೆ ಎಂಬ ತಮ್ಮ ಅನುಭವವನ್ನು ಬ್ರಿಟನ್ನಿನ ಹೃದಯರೋಗ ಪತ್ರಿಕೆಯಲ್ಲಿ ಪ್ರಕಟಿಸಿದರು. ಜಗತ್ತಿನ ವೈದ್ಯರ ಗಮನ ಇತ್ತ ಹರಿಯಿತು. ಮುಂದೆ ಇನ್ನೂ ಉತ್ತಮವಾದ, ಅಡ್ಡ ಪರಿಣಾಮ ಕಡಿಮೆಯಿರುವ ಗುಳಿಗೆಗಳು ಬಂದವು. (ಇದನ್ನು ಓದಿ ಯಾರೂ ಸರ್ಪಗಂಧಿ ಬೇರನ್ನು ತಾವಾಗಿಯೇ ತೇಯ್ದು ಕುಡಿಯಬಾರದು. ಪ್ರಮಾಣ ತಪ್ಪಿದರೆ ಅಪಾಯ.)

ಇಷ್ಟನ್ನು ಹೇಳಿದ ಉದ್ದೇಶ ಒಂದೇ. ಅಂದು ಅಷ್ಟು ದೊಡ್ಡ ದೇಶದ ಅಧ್ಯಕ್ಷರಿಗೂ ಸಿಗದಿದ್ದ ಔಷಧಿ ಇಂದು ನಮ್ಮೂರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ, ಜನೌಷಧಿ ಕೇಂದ್ರದಲ್ಲಿ ಅಗ್ಗದ ದರದಲ್ಲಿ ಸಿಗುತ್ತದೆ. ಮೇಲಿನ ಅಂಕಿ 10ರಷ್ಟು ಇಳಿದರೂ ಪಾರ್ಶ್ವವಾಯುವಿನ ಅಪಾಯ ಸುಮಾರು ಕಾಲು ಭಾಗ ಕಡಿಮೆಯಾಗುತ್ತದೆ ಎಂದು ದೊಡ್ಡ ಅಧ್ಯಯನಗಳು ತೋರಿಸಿವೆ. ಹೀಗಿರುವಾಗ ಅಳೆಸದೆ, ಗುಳಿಗೆ ನುಂಗದೆ ಲಕ್ವ ಹೊಡೆಸಿಕೊಂಡು ಮಲಗುವುದು ಎಷ್ಟು ದುಃಖದ ಸಂಗತಿ!

ಯಾರು ಹೆಚ್ಚು ಎಚ್ಚರ ವಹಿಸಬೇಕು?

30 ವರ್ಷ ದಾಟಿದ ಪ್ರತಿಯೊಬ್ಬರೂ ವರ್ಷಕ್ಕೆ ಒಂದು ಸಲವಾದರೂ ಬಿ.ಪಿ. ಅಳೆಸಿಕೊಳ್ಳಬೇಕು. ತಂದೆ ತಾಯಿಗೆ ಬಿ.ಪಿ. ಇದ್ದವರು, ಮೈತೂಕ ಹೆಚ್ಚಿರುವವರು, ಸಕ್ಕರೆ ಕಾಯಿಲೆ ಇರುವವರು, ತಂಬಾಕು ಅಥವಾ ಮದ್ಯದ ಚಟ ಇರುವವರು ಇನ್ನೂ ಹೆಚ್ಚು ಸಲ ಅಳೆಸಬೇಕು.

ಗರ್ಭಿಣಿಯರು ಪ್ರತಿ ತಪಾಸಣೆಯಲ್ಲಿಯೂ ತಪ್ಪದೆ ಅಳೆಸಬೇಕು. ಗರ್ಭಿಣಿಗೆ ಬಿ.ಪಿ. ಏರಿ, ವಿಪರೀತ ತಲೆನೋವು, ಕಣ್ಣು ಮಂಜಾಗುವುದು, ಮುಖ ಕೈ ಬಾವು, ಹೊಟ್ಟೆಯ ಮೇಲ್ಭಾಗದಲ್ಲಿ ನೋವು ಕಂಡರೆ ತಾಯಿ ಮಗು ಇಬ್ಬರಿಗೂ ಅಪಾಯ. ರಾತ್ರಿಯಾದರೂ ಸರಿ, ಕೂಡಲೇ ಆಸ್ಪತ್ರೆಗೆ ಬನ್ನಿ. ಬಿ.ಪಿ. ಗುಳಿಗೆ ನುಂಗುತ್ತಿರುವ ಹೆಣ್ಣುಮಕ್ಕಳು ಗರ್ಭಿಣಿಯಾದರೆ ಮೊದಲು ವೈದ್ಯರಿಗೆ ತಿಳಿಸಿ. ಕೆಲವು ಗುಳಿಗೆಗಳನ್ನು ಬದಲಿಸಬೇಕಾಗುತ್ತದೆ.

ಬಿ.ಪಿ. ಅಳೆಸುವಾಗ

ಆಸ್ಪತ್ರೆಯ ಮೆಟ್ಟಿಲು ಹತ್ತಿ ಬಂದು ಅವಸರದಲ್ಲಿ ಕೈ ಚಾಚಿದರೆ ಅಂಕಿ ತಪ್ಪು ಬರುತ್ತದೆ. ಈ ಕ್ರಮ ಅನುಸರಿಸಿ:

1. ಅರ್ಧ ಗಂಟೆ ಮೊದಲಿನಿಂದ ಚಹಾ, ಕಾಫಿ, ಬೀಡಿ, ಸಿಗರೇಟು, ತಂಬಾಕು ಬೇಡ.
2. ಮೂತ್ರ ವಿಸರ್ಜನೆ ಮಾಡಿ ಬನ್ನಿ.
3. ಬೆನ್ನಿಗೆ ಆಸರೆ ಇರುವ ಕುರ್ಚಿಯಲ್ಲಿ ಐದು ನಿಮಿಷ ಸುಮ್ಮನೆ ಕುಳಿತುಕೊಳ್ಳಿ. ಪಾದಗಳು ನೆಲದ ಮೇಲಿರಲಿ, ಕಾಲ ಮೇಲೆ ಕಾಲು ಹಾಕಬೇಡಿ.
4. ಬಿಗಿಯಾದ ತೋಳಿನ ಮೇಲೆ ಪಟ್ಟಿ ಕಟ್ಟಬಾರದು. ಬಟ್ಟೆ ಸರಿಸಿ. ಕೈ ಹೃದಯದ ಮಟ್ಟಕ್ಕೆ ಮೇಜಿನ ಮೇಲಿರಲಿ.
5. ಅಳೆಯುವಾಗ ಮಾತನಾಡಬೇಡಿ.
6. ಬಂದ ಅಂಕಿಯನ್ನು ಕೇಳಿ ತಿಳಿದು, ದಿನಾಂಕದೊಂದಿಗೆ ಬರೆಸಿಕೊಳ್ಳಿ. ಕೇಳುವುದು ನಿಮ್ಮ ಹಕ್ಕು.

ಉಪ್ಪಿನ ಲೆಕ್ಕ

ಒಬ್ಬರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಂದರೆ ಒಂದು ಸಣ್ಣ ಚಹಾ ಚಮಚೆಗಿಂತ ಕಡಿಮೆ. ಜಗತ್ತಿನ ಜನ ಸರಾಸರಿ ತಿನ್ನುತ್ತಿರುವುದು ಇದರ ಎರಡು ಪಟ್ಟು, ಸುಮಾರು 10.8 ಗ್ರಾಂ. ಉಪ್ಪು ಹೆಚ್ಚಾದಷ್ಟೂ ದೇಹ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ರಕ್ತದ ಪ್ರಮಾಣ ಹೆಚ್ಚಿ ಒತ್ತಡ ಏರುತ್ತದೆ.

ಅಡುಗೆ ಮಾಡುವ ತಾಯಂದಿರು ಒಂದು ಸರಳ ಲೆಕ್ಕ ಇಟ್ಟುಕೊಳ್ಳಬಹುದು. ಐದು ಜನರ ಮನೆಗೆ ದಿನಕ್ಕೆ 25 ಗ್ರಾಂ, ತಿಂಗಳಿಗೆ ಮುಕ್ಕಾಲು ಕಿಲೋ ಉಪ್ಪು. ಉಪ್ಪಿನಕಾಯಿ, ಹಪ್ಪಳ, ಹೊರಗಿನ ತಿಂಡಿಯ ಉಪ್ಪೂ ಇದರಲ್ಲಿಯೇ ಸೇರಬೇಕು. ನಿಮ್ಮ ಮನೆಯಲ್ಲಿ ಒಂದು ಕಿಲೋ ಪಾಕೀಟು ಎಷ್ಟು ದಿನಕ್ಕೆ ಮುಗಿಯುತ್ತದೆ ಎಂದು ಈ ತಿಂಗಳು ಗುರುತು ಹಾಕಿ ನೋಡಿ.

ನಮ್ಮ ಊಟ ಮೂಲದಲ್ಲಿ ಒಳ್ಳೆಯದೇ. ಜೋಳದ ರೊಟ್ಟಿಗೆ ಉಪ್ಪು ಬೇಕಿಲ್ಲ. ಕಾಳು ಪಲ್ಯ, ಸೊಪ್ಪು, ಹಸಿ ಸವತೆ, ಮೂಲಂಗಿ, ಉಳ್ಳಾಗಡ್ಡಿ ಎಲ್ಲವೂ ಒಳ್ಳೆಯವು. ತೊಂದರೆ ಇರುವುದು ಪಕ್ಕದಲ್ಲಿ ಬಡಿಸಿಕೊಳ್ಳುವ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಕೆಂಪು ಖಾರ, ಚಟ್ನಿಪುಡಿ, ಮಜ್ಜಿಗೆಗೆ ಹಾಕುವ ಉಪ್ಪಿನಲ್ಲಿ. ಸಂಜೆಯ ಮಿರ್ಚಿ ಭಜಿ, ಚುರುಮುರಿ, ಬೇಕರಿ ತಿಂಡಿ, ಪಾಕೀಟಿನ ಚಿಪ್ಸ್‌ನಲ್ಲಿ.

* ತಾಟಿನ ಪಕ್ಕ ಉಪ್ಪು ಇಟ್ಟುಕೊಳ್ಳುವ ರೂಢಿ ಬಿಡಿ.
* ಅಡುಗೆಯ ಉಪ್ಪನ್ನು ವಾರಕ್ಕೆ ಸ್ವಲ್ಪ ಸ್ವಲ್ಪವಾಗಿ ಇಳಿಸಿ. ಕೆಲವು ವಾರಗಳಲ್ಲಿ ನಾಲಿಗೆ ಹೊಂದಿಕೊಳ್ಳುತ್ತದೆ.
* ರುಚಿಗೆ ಲಿಂಬೆ, ಹುಣಸೆ, ಜೀರಿಗೆ, ಕೊತ್ತಂಬರಿ ಬಳಸಿ.
* ರೋಗಿಗೊಬ್ಬರಿಗೇ ಸಪ್ಪೆ ಅಡುಗೆ ಮಾಡಿ ಬೇರೆ ಬಡಿಸಿದರೆ ಅದು ಹೆಚ್ಚು ದಿನ ನಡೆಯುವುದಿಲ್ಲ. ಮನೆಮಂದಿಯೆಲ್ಲ ಕಡಿಮೆ ಉಪ್ಪು ತಿನ್ನಿ. ಮಕ್ಕಳಿಗೂ ಒಳ್ಳೆಯದು.

ಪೊಟ್ಯಾಸಿಯಂ ಬೆರೆಸಿದ ಕಡಿಮೆ ಸೋಡಿಯಂ ಉಪ್ಪು ಈಗ ಅಂಗಡಿಗಳಲ್ಲಿ ಸಿಗುತ್ತದೆ. ಅದು ಹಲವರಿಗೆ ಉಪಯುಕ್ತ. ಆದರೆ ಮೂತ್ರಪಿಂಡದ ತೊಂದರೆ ಇರುವವರಿಗೆ ಅದು ಅಪಾಯಕಾರಿ. ಕೆಲವು ಬಿ.ಪಿ. ಗುಳಿಗೆಗಳ ಜೊತೆಗೂ ಹೊಂದುವುದಿಲ್ಲ. ವೈದ್ಯರನ್ನು ಕೇಳದೆ ಕೊಳ್ಳಬೇಡಿ.

ತಂಬಾಕು, ಮದ್ಯ, ಮೈತೂಕ, ನಡಿಗೆ

ಬೀಡಿ ಸಿಗರೇಟು ಮಾತ್ರವಲ್ಲ, ಗುಟಕಾ, ಸುಣ್ಣ ತಂಬಾಕು, ನಶ್ಯ, ಹಲ್ಲಿಗೆ ಉಜ್ಜುವ ಮಶೇರಿ ಎಲ್ಲದರಲ್ಲಿಯೂ ನಿಕೋಟಿನ್ ಇದೆ. ಅದು ರಕ್ತನಾಳಗಳನ್ನು ಬಿಗಿ ಮಾಡುತ್ತದೆ. ಬಿ.ಪಿ. ಇರುವವರು ತಂಬಾಕನ್ನೂ ಬಳಸಿದರೆ ಹೃದಯಾಘಾತ, ಲಕ್ವದ ಅಪಾಯ ಇನ್ನೂ ಹೆಚ್ಚುತ್ತದೆ. ಬಿಡಲು ಮನಸ್ಸಿದ್ದರೆ 1800-11-2356 ಸಂಖ್ಯೆಗೆ ಕರೆ ಮಾಡಬಹುದು. ಇದು ಸರ್ಕಾರದ ಉಚಿತ ಸಹಾಯವಾಣಿ. ಮದ್ಯವೂ ಒತ್ತಡ ಏರಿಸುತ್ತದೆ. 'ಸ್ವಲ್ಪ ಕುಡಿದರೆ ಹೃದಯಕ್ಕೆ ಒಳ್ಳೆಯದು' ಎಂಬ ಮಾತನ್ನು ನಂಬಬೇಡಿ.

ಮೈತೂಕ ಹೆಚ್ಚಿರುವವರು ನಾಲ್ಕೈದು ಕಿಲೋ ಇಳಿಸಿದರೂ ಒತ್ತಡ ಇಳಿಯುತ್ತದೆ. ದಿನಕ್ಕೆ ಅರ್ಧ ಗಂಟೆಯಂತೆ ವಾರಕ್ಕೆ ಐದು ದಿನ ಬಿರುಸಾಗಿ ನಡೆಯಿರಿ. ಶರಣರು ಕಾಯಕಕ್ಕೆ ಹಿರಿಯ ಸ್ಥಾನ ಕೊಟ್ಟರು. ಮೈಮುರಿದು ದುಡಿಯುವವರಿಗೆ ನಡಿಗೆ ಬೇರೆ ಬೇಕಿಲ್ಲ. ಆದರೆ ಅಂಗಡಿ, ಕಚೇರಿ, ಟಿ.ವಿ. ಮುಂದೆ ದಿನವಿಡೀ ಕೂರುವವರಿಗೆ ಬೇಕೇ ಬೇಕು.

'ಆರಾಮಾಗಿತ್ತು, ಗುಳಿಗೆ ಬಿಟ್ಟೆ'

ಲಕ್ವ ಹೊಡೆದು ವಾರ್ಡಿಗೆ ಬಂದವರ ಮನೆಯವರನ್ನು ನಾವು ಕೇಳುವ ಮೊದಲ ಪ್ರಶ್ನೆಗಳಲ್ಲಿ ಒಂದು, 'ಬಿ.ಪಿ. ಗುಳಿಗೆ ನುಂಗುತ್ತಿದ್ದರೇ?' ಎಂಬುದು. 'ನುಂಗತಿದ್ರರೀ ಸಿಸ್ಟರ್, ಆರಾಮ ಆತಂತ ಬಿಟ್ಟಿದ್ರು' ಎಂಬ ಉತ್ತರ ನಮಗೆ ಹೊಸದಲ್ಲ.

ಬಂಧುಗಳೇ, ಇದನ್ನು ಚೆನ್ನಾಗಿ ತಿಳಿದುಕೊಳ್ಳಿ. ಜ್ವರದ ಗುಳಿಗೆ ಬೇರೆ, ಬಿ.ಪಿ. ಗುಳಿಗೆ ಬೇರೆ. ಜ್ವರ ಹೋದ ಮೇಲೆ ಆ ಗುಳಿಗೆ ಬೇಡ. ಬಿ.ಪಿ. ಗುಳಿಗೆ ಒತ್ತಡವನ್ನು ಹಿಡಿದಿಟ್ಟಿರುತ್ತದೆ, ಬಿಟ್ಟರೆ ಒತ್ತಡ ಮತ್ತೆ ಏರುತ್ತದೆ. ಕೆಲವು ಗುಳಿಗೆಗಳನ್ನು ಒಮ್ಮೆಲೇ ಬಿಟ್ಟರೆ ಮೊದಲಿಗಿಂತ ಜೋರಾಗಿಯೂ ಏರಬಹುದು. ಅಂಕಿ 120/80 ಬಂದಿದೆ ಎಂದರೆ ಗುಳಿಗೆ ತನ್ನ ಕೆಲಸ ಮಾಡುತ್ತಿದೆ ಎಂದು ಅರ್ಥ. ಉಪ್ಪು, ತೂಕ ಇಳಿಸಿದವರಿಗೆ ಪ್ರಮಾಣ ಕಡಿಮೆ ಮಾಡಲು ಬರಬಹುದು. ಅದನ್ನು ವೈದ್ಯರೇ ಅಳೆದು ನೋಡಿ ನಿರ್ಧರಿಸಬೇಕು.

ಮರೆಯದಿರಲು ಕೆಲವು ಉಪಾಯ:

* ಗುಳಿಗೆಯನ್ನು ತಪ್ಪದ ಒಂದು ಕೆಲಸಕ್ಕೆ ಜೋಡಿಸಿ. ಲಿಂಗಪೂಜೆಯನ್ನು ಒಂದು ದಿನವೂ ಬಿಡದ ಹಿರಿಯರು ನಮ್ಮಲ್ಲಿ ಬಹಳ. ಬೆಳಗಿನ ಗುಳಿಗೆಯವರು ಪೂಜೆ ಮುಗಿದ ಕೂಡಲೇ ನುಂಗುವ ರೂಢಿ ಮಾಡಿಕೊಳ್ಳಿ.
* ಜಾತ್ರೆ, ಮದುವೆ, ಪಾದಯಾತ್ರೆಗೆ ಹೊರಟರೆ ಚೀಲದಲ್ಲಿ ಮೊದಲು ಗುಳಿಗೆ ಇಡಿ.
* ಶ್ರಾವಣ ಸೋಮವಾರ, ಶಿವರಾತ್ರಿಯ ಉಪವಾಸವೆಂದು ಗುಳಿಗೆ ಬಿಡಬೇಡಿ. ಸಕ್ಕರೆ ಕಾಯಿಲೆಯೂ ಇದ್ದವರು ಉಪವಾಸಕ್ಕೆ ಮೊದಲೇ ವೈದ್ಯರನ್ನು ಕೇಳಿ.
* ಒಂದು ಹೊತ್ತು ಮರೆತರೆ ಮರುದಿನ ಎರಡೆರಡು ನುಂಗಬೇಡಿ.
* ಐದು ದಿನದ ಗುಳಿಗೆ ಉಳಿದಿರುವಾಗಲೇ ಮುಂದಿನ ತಿಂಗಳಿಗೆ ತರಿಸಿ.
* ಕಾಲು ಬಾವು, ಒಣಕೆಮ್ಮು, ತಲೆಸುತ್ತು ಬಂದರೆ ಬಂದು ಹೇಳಿ. ಬೇರೆ ಗುಳಿಗೆ ಇದೆ. ಹೇಳದೆ ಬಿಡುವುದು ಬೇಡ.

ಜನರ ಮಾತು, ನಿಜ ಸಂಗತಿ

ಮಾತು: 'ಗುಳಿಗೆ ಹಿಡಿದರೆ ಮೂತ್ರಪಿಂಡ ಕೆಡುತ್ತವೆ.'
ನಿಜ: ಹತೋಟಿಯಿಲ್ಲದ ಬಿ.ಪಿ.ಯೇ ಮೂತ್ರಪಿಂಡ ಕೆಡಿಸುತ್ತದೆ. ಗುಳಿಗೆ ಅವನ್ನು ಕಾಪಾಡುತ್ತದೆ. ನಿಜವಾಗಿ ಹೆದರಬೇಕಾದದ್ದು ಮೊಣಕಾಲು, ಸೊಂಟ ನೋವಿಗೆ ಅಂಗಡಿಯಿಂದ ತಂದು ದಿನವೂ ನುಂಗುವ ನೋವಿನ ಗುಳಿಗೆಗಳಿಗೆ. ಡೈಕ್ಲೋಫೆನಾಕ್, ಐಬುಪ್ರೊಫೆನ್‌ನಂತಹ ಗುಳಿಗೆಗಳು ಬಿ.ಪಿ.ಯನ್ನು ಏರಿಸುತ್ತವೆ, ಮೂತ್ರಪಿಂಡಕ್ಕೂ ಪೆಟ್ಟು ಕೊಡುತ್ತವೆ.

ಮಾತು: 'ಸೈಂಧವ ಲವಣ, ಕಲ್ಲುಪ್ಪು ಎಷ್ಟು ತಿಂದರೂ ಏನೂ ಆಗುವುದಿಲ್ಲ.'
ನಿಜ: ಅವುಗಳಲ್ಲಿಯೂ ಮುಖ್ಯವಾಗಿ ಇರುವುದು ಅದೇ ಸೋಡಿಯಂ. ಅಯೋಡಿನ್ ಇರುವ ಉಪ್ಪನ್ನೇ ಬಳಸಿ, ಕಡಿಮೆ ಬಳಸಿ.

ಮಾತು: 'ಗಿಡಮೂಲಿಕೆಯಿಂದ ಹಾನಿಯಿಲ್ಲ.'
ನಿಜ: ಎಲ್ಲವೂ ಹಾಗಲ್ಲ. ಕೆಮ್ಮಿಗೆ ಬಳಸುವ ಜ್ಯೇಷ್ಠಮಧು ಬಹಳ ದಿನ ಸೇವಿಸಿದರೆ ಬಿ.ಪಿ. ಏರುತ್ತದೆ. ಏನು ಸೇವಿಸುತ್ತಿದ್ದರೂ ವೈದ್ಯರಿಗೆ ಮುಚ್ಚಿಡದೆ ಹೇಳಿ.

ಮಾತು: 'ಬಿ.ಪಿ. ಸಿಟ್ಟಿನವರಿಗೆ, ಶ್ರೀಮಂತರಿಗೆ ಬರುವ ರೋಗ.'
ನಿಜ: ಶಾಂತ ಸ್ವಭಾವದವರಿಗೂ, ಕೂಲಿ ಮಾಡುವವರಿಗೂ, ತೆಳ್ಳಗಿರುವವರಿಗೂ ಬರುತ್ತದೆ.

ಕೂಡಲೇ ಆಸ್ಪತ್ರೆಗೆ ಯಾವಾಗ?

ಈ ಕೆಳಗಿನವುಗಳಲ್ಲಿ ಒಂದು ಕಂಡರೂ ಅದು ಪಾರ್ಶ್ವವಾಯು ಎಂದು ತಿಳಿಯಿರಿ:

* ಮುಖ: ನಗಲು ಹೇಳಿದರೆ ಬಾಯಿ ಒಂದು ಕಡೆ ಸೊಟ್ಟಗಾಗುವುದು.
* ಕೈ: ಎರಡೂ ಕೈ ಎತ್ತಲು ಹೇಳಿದರೆ ಒಂದು ಕೈ ಕೆಳಗೆ ಜಾರುವುದು.
* ಮಾತು: ತೊದಲುವುದು, ತಿಳಿಯದಂತಾಗುವುದು.

ಕೂಡಲೇ 108ಕ್ಕೆ ಕರೆ ಮಾಡಿ. ತೊಂದರೆ ಶುರುವಾದ ಸಮಯವನ್ನು ಗಡಿಯಾರ ನೋಡಿ ನೆನಪಿಡಿ. ರಕ್ತ ಹೆಪ್ಪುಗಟ್ಟಿ ಆದ ಲಕ್ವಕ್ಕೆ ಹೆಪ್ಪು ಕರಗಿಸುವ ಚುಚ್ಚುಮದ್ದು ಇದೆ. ಅದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಅದಕ್ಕೂ ಮೊದಲು ಸಿ.ಟಿ. ಸ್ಕ್ಯಾನ್ ಆಗಬೇಕು. ಆದ್ದರಿಂದ ಸ್ಕ್ಯಾನ್ ಇರುವ ಆಸ್ಪತ್ರೆಗೇ ನೇರವಾಗಿ ಹೋಗಿ. ಐದು ಹತ್ತು ನಿಮಿಷದಲ್ಲಿ ತಾನಾಗಿ ಸರಿಯಾದರೂ ಬನ್ನಿ. ಅದು ಮುಂದೆ ಬರುವ ದೊಡ್ಡ ಹೊಡೆತದ ಮುನ್ಸೂಚನೆ ಆಗಿರಬಹುದು.

ಬಾಯಿಗೆ ನೀರು, ಚಹಾ, ಗುಳಿಗೆ ಹಾಕಬೇಡಿ. ಶ್ವಾಸನಾಳಕ್ಕೆ ಇಳಿಯುತ್ತದೆ. ನಾಲಿಗೆ ಕೆಳಗೆ ಬಿ.ಪಿ. ಗುಳಿಗೆ ಇಡಬೇಡಿ. ಬೆರಳಿಗೆ ಸೂಜಿ ಚುಚ್ಚಿ ರಕ್ತ ತೆಗೆಯಬೇಡಿ. ಎಣ್ಣೆ ತಿಕ್ಕಿಸಲು, ನಾಟಿ ಔಷಧಿಗೆಂದು ಬೇರೆ ಊರಿಗೆ ಒಯ್ದು ಆ ಅಮೂಲ್ಯ ಸಮಯ ಕಳೆಯಬೇಡಿ.

ಎದೆನೋವು, ತಣ್ಣನೆ ಬೆವರು, ಉಸಿರಾಟದ ತೊಂದರೆ, ಬಿ.ಪಿ. 180/120ಕ್ಕೆ ಏರಿ ಜೊತೆಗೆ ವಿಪರೀತ ತಲೆನೋವು, ದೃಷ್ಟಿ ಮಂಜು ಅಥವಾ ಗೊಂದಲ ಕಂಡರೂ ತಡ ಮಾಡಬೇಡಿ.

ಆರೈಕೆಗೆ ಬಂದವರಿಗೆ ಒಂದು ಮಾತು

ತಾವು ಎರಡು ದಿನದಿಂದಲೋ ಒಂದು ವಾರದಿಂದಲೋ ರೋಗಿಯ ಮಂಚದ ಪಕ್ಕ ಕುಳಿತಿದ್ದೀರಿ. ದಿನಕ್ಕೆ ಹಲವು ಸಲ ನಾವು ರೋಗಿಯ ಬಿ.ಪಿ. ನೋಡುವುದನ್ನು ಕಂಡಿದ್ದೀರಿ. ತಮ್ಮದನ್ನು ಕೊನೆಯ ಸಲ ನೋಡಿಸಿದ್ದು ಯಾವಾಗ? ರೋಗಿಗೆ ಬಿ.ಪಿ. ಇದ್ದರೆ ಅವರ ಮಕ್ಕಳಿಗೆ, ಒಡಹುಟ್ಟಿದವರಿಗೆ ಬರುವ ಸಂಭವ ಹೆಚ್ಚು. ಹೆಂಡತಿಯೋ ಸೊಸೆಯೋ ಆಗಿದ್ದರೆ, ತಿನ್ನುವ ಉಪ್ಪು ಅದೇ ಒಲೆಯದು. ಮನೆಗೆ ಹೋಗುವ ಮುನ್ನ ಸಿಸ್ಟರ್ ಬಳಿ ಬಂದು ಕೇಳಿ. ಎರಡು ನಿಮಿಷದ ಕೆಲಸ, ಸಂಕೋಚ ಬೇಡ.

ಮನೆಗೆ ಮರಳಿದ ಮೇಲೆ ಗುಳಿಗೆಯ ಹೊಣೆಯನ್ನು ಮನೆಯಲ್ಲಿ ಒಬ್ಬರು ವಹಿಸಿಕೊಳ್ಳಿ. ಕಣ್ಣು ಮಂಜಾದ ಹಿರಿಯರಿಗೆ ಗುಳಿಗೆ ಪಟ್ಟಿಯ ಮೇಲಿನ ಸಣ್ಣ ಅಕ್ಷರ ಕಾಣುವುದಿಲ್ಲ. ಶಾಲೆಗೆ ಹೋಗುವ ಮೊಮ್ಮಗಳಿಗೆ ಒಪ್ಪಿಸಿದರೂ ಆದೀತು, ಅವಳು ದಿನವೂ ನೆನಪಿಸುತ್ತಾಳೆ. ಗುಳಿಗೆ ಮಾತ್ರ ಆಕೆಯ ಕೈಗೆ ಸಿಗದ ಕಡೆ ಇರಲಿ, ದೊಡ್ಡವರೇ ತೆಗೆದುಕೊಡಲಿ.

ನೆನಪಿಡಿ

1. ಬಿ.ಪಿ.ಗೆ ನೋವಿಲ್ಲ. ಅಳೆದರೆ ಮಾತ್ರ ತಿಳಿಯುತ್ತದೆ.
2. ನಿಮ್ಮ ಅಂಕಿ ನಿಮಗೆ ಬಾಯಿಪಾಠ ಇರಲಿ.
3. ಉಪ್ಪು ಕಡಿಮೆ, ತಂಬಾಕು ಬೇಡ, ನಡಿಗೆ ದಿನವೂ.
4. ಆರಾಮ ಎನಿಸಿದರೂ ಗುಳಿಗೆ ಬಿಡಬೇಡಿ.
5. ಮುಖ, ಕೈ, ಮಾತು ಕೆಟ್ಟರೆ ಕೂಡಲೇ 108.

ಸಂಶಯವಿದ್ದರೆ ಹೊರರೋಗಿ ವಿಭಾಗದಲ್ಲಿ ಅಥವಾ ವಾರ್ಡಿನ ಸಿಸ್ಟರ್ ಬಳಿ ಕೇಳಿ. ಈ ಪುಸ್ತಿಕೆಯನ್ನು ಓದಿದ ಮೇಲೆ ಎಸೆಯದೆ ಮನೆಗೆ ಒಯ್ದು, ಓದಲು ಬಾರದವರಿಗೆ ಓದಿ ಹೇಳಿ.